ಸೆಕೆ ನಮ್ಮದು, ಎಸಿಯ ಗುಂಡಿ ಯಾರದು?

2025ರ ಜೂನ್ 10ರಂದು ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಖಟ್ಟರ್ ದಿಲ್ಲಿಯಲ್ಲಿ ಒಂದು ಮಾತು ಹೇಳಿದರು. ಎಸಿಗಳಿಗೆ ಹೊಸ ಮಿತಿ ಬರಲಿದೆ, 20 ಡಿಗ್ರಿಗಿಂತ ಕೆಳಗೆ ತಂಪು ಮಾಡಲು ಆಗುವುದಿಲ್ಲ, 28ಕ್ಕಿಂತ ಮೇಲೆ ಬಿಸಿ ಮಾಡಲೂ ಆಗುವುದಿಲ್ಲ ಎಂದು. 28ರ ಸುದ್ದಿ ಕಾಸರಗೋಡಿನಲ್ಲಿ ಯಾರಿಗೂ ತಟ್ಟಲಿಲ್ಲ. ಇಲ್ಲಿ ಕೋಣೆ ಬಿಸಿ ಮಾಡುವ ಪ್ರಮೇಯವೇ ಇಲ್ಲ. ಬಿಸಿ ಮಾಡುವುದು ಸ್ನಾನದ ನೀರನ್ನು ಮಾತ್ರ. ಆದರೆ 20ರ ಸುದ್ದಿಗೆ ಕುಂಬಳೆ, ಬದಿಯಡ್ಕದ ಕಡೆ ಅಂಗಡಿ ಜಗಲಿಗಳಲ್ಲಿ ಒಳ್ಳೆ ಚರ್ಚೆಯಾಯಿತು. ನಮ್ಮ ದುಡ್ಡು, ನಮ್ಮ ಕರೆಂಟು, ನಮ್ಮ ಎಸಿ, ಇವರದ್ದೇನು ನಡುವೆ?

ಈ ಪ್ರಶ್ನೆ ನಾವು ಹೊಸದಾಗಿ ಕೇಳಿದ್ದಲ್ಲ. ಅಮೆರಿಕದವರು ಇದನ್ನು ಐವತ್ತು ವರ್ಷದಿಂದ ಕೇಳುತ್ತಿದ್ದಾರೆ. ಅವರದ್ದು ಚಳಿಯ ತಕರಾರು, ನಮ್ಮದು ಸೆಕೆಯ ತಕರಾರು, ಅಷ್ಟೇ ವ್ಯತ್ಯಾಸ.

ಜಗಳದ ನಡುವೆ ಇರುವ ವಸ್ತು ಥರ್ಮೋಸ್ಟಾಟ್. ಇಷ್ಟು ಬಿಸಿಯಾದರೆ ನಿಲ್ಲು, ಇಷ್ಟು ತಣಿದರೆ ಶುರು ಮಾಡು ಎನ್ನುವ ಸ್ವಿಚ್ ಅದು. ನಿಮ್ಮ ಇಸ್ತ್ರಿ ಪೆಟ್ಟಿಗೆಯಲ್ಲಿದೆ, ಫ್ರಿಜ್ಜಿನಲ್ಲಿದೆ, ಗೀಸರಿನಲ್ಲೂ ಇದೆ. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಆಂಡ್ರ್ಯೂ ಯೂರ್ 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಜೋಡಿಸಿದರೆ ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ. ಆ ಬಾಗುವಿಕೆಯಿಂದಲೇ ಸ್ವಿಚ್ ತಿರುಗಿಸಬಹುದು.

ಕೋಣೆಯ ಗೋಡೆಗೆ ಇದು ಬಂದದ್ದು ಒಬ್ಬ ಮೇಷ್ಟರಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ವಾರೆನ್ ಜಾನ್ಸನ್ ಪಾಠ ಮಾಡುತ್ತಿದ್ದರು. ಕ್ಲಾಸಿನ ಚಳಿ ನೋಡಲು ಶಾಲೆಯ ಜವಾನ ಆಗಾಗ ಒಳಗೆ ಬರಬೇಕು, ಮತ್ತೆ ಕೆಳಗಿಳಿದು ಕಟ್ಟಡ ಬಿಸಿ ಮಾಡುವ ಕುಲುಮೆಯ ಗಾಳಿ ಸರಿಮಾಡಬೇಕು. ಪಾಠಕ್ಕೆ ಇದೇ ಕಿರಿಕಿರಿ. ಜಾನ್ಸನ್ ಗೋಡೆಗೊಂದು ಉಪಕರಣ ಕೂರಿಸಿದರು. ಕೋಣೆಯ ಬಿಸಿ ಹೆಚ್ಚುಕಡಿಮೆಯಾದರೆ ಕೆಳಗೆ ಜವಾನನ ಹತ್ತಿರ ಗಂಟೆ ಬಾರಿಸುತ್ತಿತ್ತು. 1883ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಗಮನಿಸಿ, ಆ ಯಂತ್ರ ತಾನಾಗಿ ಏನೂ ಮಾಡುತ್ತಿರಲಿಲ್ಲ. ಸುಮ್ನೆ ಕರೆಯುತ್ತಿತ್ತು. ಗಾಳಿಯ ಬಾಗಿಲು ತೆರೆಯುವುದು, ಮುಚ್ಚುವುದು ಮನುಷ್ಯನೇ.

ಎರಡೇ ವರ್ಷದಲ್ಲಿ ಅದೂ ಹೋಯಿತು. 1885ರಲ್ಲಿ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಕುಲುಮೆಯ ಗಾಳಿಬಾಗಿಲನ್ನು ಮೋಟಾರೇ ಎತ್ತಿ ಇಳಿಸುವ ಹಾಗೆ ಮಾಡಿದ. ಆ ಕಂಪನಿ ಕೈಬದಲಾಗುತ್ತಾ ಕೊನೆಗೆ ಹನಿವೆಲ್ ಆಯಿತು. 1953ರಲ್ಲಿ ಹನಿವೆಲ್ ತಂದ ದುಂಡನೆಯ ಥರ್ಮೋಸ್ಟಾಟ್ ಅಮೆರಿಕದ ಲಕ್ಷಾಂತರ ಮನೆಗಳ ಗೋಡೆ ಸೇರಿತು. ಹೊರಗಿನ ಬಳೆ ತಿರುಗಿಸಿದರೆ ಆಯಿತು. ಮನೆಯ ಮಗುವೂ ತಿರುಗಿಸಬಹುದು, ಅಜ್ಜಿಯೂ ತಿರುಗಿಸಬಹುದು. ಹೊರಗಿನವರು ಯಾರೂ ತಿರುಗಿಸುವ ಹಾಗಿಲ್ಲ.

ಸರಕಾರ ಮೊದಲು ಬಂದದ್ದು ಮಾತಿನ ಮೂಲಕ. 1977ರ ಫೆಬ್ರವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ಹಾಕಿಕೊಂಡು ಟೀವಿಯಲ್ಲಿ ಬೆಂಕಿಗೂಡಿನ ಪಕ್ಕ ಕೂತರು. ಹಗಲು 65 ಫ್ಯಾರನ್‌ಹೀಟ್, ರಾತ್ರಿ 55 ಇಟ್ಟುಕೊಳ್ಳಿ, ಗ್ಯಾಸ್ ಕೊರತೆ ಅರ್ಧಕ್ಕರ್ಧ ನೀಗುತ್ತದೆ ಎಂದರು. ನಮ್ಮ ಲೆಕ್ಕದಲ್ಲಿ ಸುಮಾರು 18 ಮತ್ತು 13 ಡಿಗ್ರಿ. 1979ರಲ್ಲಿ ಅದು ನಿಯಮವೇ ಆಯಿತು, ಆದರೆ ಆಫೀಸು, ಅಂಗಡಿಗಳಂಥ ಕಟ್ಟಡಗಳಿಗೆ ಮಾತ್ರ. ಚಳಿಗಾಲದಲ್ಲಿ 65ಕ್ಕಿಂತ ಬಿಸಿ ಬೇಡ, ಬೇಸಿಗೆಯಲ್ಲಿ 78ಕ್ಕಿಂತ ತಂಪು ಬೇಡ. ರೇಗನ್ ಬಂದವರೇ 1981ರ ಫೆಬ್ರವರಿಯಲ್ಲಿ ಅದನ್ನು ಕಿತ್ತುಹಾಕಿದರು. ಅಷ್ಟಾದರೂ ಮನೆಯ ಗೋಡೆಯ ಬಳೆಯನ್ನು ಯಾರೂ ಮುಟ್ಟಿರಲಿಲ್ಲ.

ಮುಟ್ಟಲು ಹೊರಟದ್ದು ಕ್ಯಾಲಿಫೋರ್ನಿಯ. ಹೊಸ ಕಟ್ಟಡಗಳ ಥರ್ಮೋಸ್ಟಾಟಿನೊಳಗೆ ಒಂದು ರೇಡಿಯೋ ಇರಬೇಕು, ವಿದ್ಯುತ್ ಸಂಕಟ ಬಂದಾಗ ಅದರ ಮೂಲಕ ಹೊರಗಿನಿಂದಲೇ ಡಿಗ್ರಿ ಬದಲಿಸಬಹುದು, ಆಗ ಮನೆಯವರು ಅದನ್ನು ತಿರುಗಿಸಿ ಹಿಂದಕ್ಕೆ ತರುವಂತಿಲ್ಲ ಎಂಬ ಪ್ರಸ್ತಾಪ ಅದು. 2008ರ ಜನವರಿಯಲ್ಲಿ ವಿಷಯ ಜನರಿಗೆ ಗೊತ್ತಾಗಿ ಗಲಾಟೆ ಎದ್ದಿತು. ಸರಕಾರ ಪ್ರಸ್ತಾಪ ಹಿಂದಕ್ಕೆ ಪಡೆಯಿತು.

ಮುಂದೆ ನಡೆದದ್ದು ಸ್ವಾರಸ್ಯ. ಸರಕಾರ ರೇಡಿಯೋ ಇಡುತ್ತೇನೆಂದಾಗ ಬೇಡ ಎಂದ ಜನ, ಮೂರೇ ವರ್ಷದಲ್ಲಿ ಇನ್ನೂರೈವತ್ತು ಡಾಲರ್ ಕೊಟ್ಟು ಅಂಥದ್ದನ್ನೇ ಅಂಗಡಿಯಿಂದ ತಂದರು. 2011ರ ಅಕ್ಟೋಬರಿನಲ್ಲಿ ನೆಸ್ಟ್ ಎಂಬ ಥರ್ಮೋಸ್ಟಾಟ್ ಬಂತು. ಆಪಲ್‌ನಲ್ಲಿ ಐಪಾಡ್ ಕೆಲಸ ಮಾಡಿದ್ದ ಟೋನಿ ಫಡೆಲ್ ಮತ್ತು ಮ್ಯಾಟ್ ರೋಜರ್ಸ್ ಮಾಡಿದ್ದು. ನಿಮ್ಮ ಅಭ್ಯಾಸ ನೋಡಿ ತಾನೇ ಕಲಿಯುತ್ತದೆ, ಫೋನಿನಿಂದ ನಡೆಸಬಹುದು, ನೋಡಲೂ ಚೆಂದ. 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರ್‌ಗೆ ಕೊಂಡಿತು.

ತೊಂದರೆ ಶುರುವಾದದ್ದು ಆಮೇಲೆ. 2016ರ ಜನವರಿಯ ಚಳಿಯಲ್ಲಿ ಸಾಫ್ಟ್‌ವೇರ್ ತಪ್ಪಿನಿಂದ ಎಷ್ಟೋ ನೆಸ್ಟ್‌ಗಳ ಬ್ಯಾಟರಿ ಖಾಲಿಯಾಗಿ ಮನೆಗಳು ತಣ್ಣಗಾದವು. 2021ರ ಜೂನಿನಲ್ಲಿ ಟೆಕ್ಸಾಸ್‌ನ ಕೆಲವರಿಗೆ ಮಧ್ಯಾಹ್ನ ನಿದ್ದೆಯಿಂದ ಎದ್ದರೆ ಮೈಯೆಲ್ಲ ಬೆವರು. ಬಹುಮಾನದ ಆಸೆಗೆ ಯಾವುದೋ ಯೋಜನೆಗೆ ಒಪ್ಪಿಗೆ ಒತ್ತಿದ್ದು ಅವರಿಗೇ ಮರೆತಿತ್ತು, ಯಾರೋ ದೂರದಿಂದ ಡಿಗ್ರಿ ಏರಿಸಿದ್ದರು. 2022ರ ಆಗಸ್ಟ್ 30ರಂದು ಕೊಲರಾಡೋದಲ್ಲಿ ಎಕ್ಸೆಲ್ ಎನರ್ಜಿ ಎಂಬ ವಿದ್ಯುತ್ ಕಂಪನಿಯ 22,000 ಗ್ರಾಹಕರು ಥರ್ಮೋಸ್ಟಾಟ್ ತಿರುಗಿಸಿದರೂ ಅದು ಕೇಳಲಿಲ್ಲ. ಇಂಧನ ತುರ್ತುಸ್ಥಿತಿ ಎಂಬ ಸಂದೇಶ ಬಂತು. ಬೇಡಿಕೆ ಏರಿದಾಗ ಕಂಪನಿಯೇ ಡಿಗ್ರಿ ಬದಲಿಸಬಹುದು ಎಂಬ ಯೋಜನೆಗೆ ಅವರೆಲ್ಲ ತಾವಾಗಿಯೇ ಸೇರಿದವರು, ಸೇರಿದ್ದಕ್ಕೆ 100 ಡಾಲರ್, ಆಮೇಲೆ ವರ್ಷಕ್ಕೆ 25 ಡಾಲರ್ ಪಡೆದವರು. ಕಂಪನಿ ಮೋಸ ಮಾಡಿತು ಎನ್ನುವಂತಿಲ್ಲ. ಆದರೆ ಷರತ್ತಿನ ಸಣ್ಣ ಅಕ್ಷರಕ್ಕೆ ಇಷ್ಟು ಬಲ ಇದೆ ಎಂದು ಅವತ್ತೇ ಅವರಿಗೆ ಗೊತ್ತಾದದ್ದು.

ಕೊನೆಯದಾಗಿ, 2025ರ ಅಕ್ಟೋಬರ್ 25ರಿಂದ ಗೂಗಲ್ 2011 ಮತ್ತು 2012ರ ನೆಸ್ಟ್‌ಗಳನ್ನು ಆ್ಯಪಿನಿಂದ ಬಿಡಿಸಿತು. ಬಳೆ ತಿರುಗಿಸಿದರೆ ಈಗಲೂ ಕೆಲಸ ಮಾಡುತ್ತವೆ, ಫೋನಿನಿಂದ ಆಗುವುದಿಲ್ಲ. ಗೋಡೆಯ ಮೇಲೊಂದು ಬಳೆ ಉಳಿಸಿದವನ ಬುದ್ಧಿಗೆ ಮೆಚ್ಚಬೇಕು.

ಇನ್ನು ನಮ್ಮ ಕಡೆ. ಭಾರತದಲ್ಲಿ ಎಸಿಗೆ ಡಿಗ್ರಿಯ ಪಾಠ ಶುರುವಾದದ್ದು ಸೌಮ್ಯವಾಗಿಯೇ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಲ್ಲ ಎಸಿಗಳೂ ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಎಂದು ಇಂಧನ ದಕ್ಷತಾ ಬ್ಯೂರೋದ ನಿಯಮ ಬಂತು. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟು ಉಳಿಯುತ್ತದೆ ಎನ್ನುವುದು ಬ್ಯೂರೋದ ಲೆಕ್ಕ. ನಿಮಗೆ 22 ಬೇಕಿದ್ದರೆ ಎರಡು ಸಲ ಒತ್ತಿ, ಯಾರೂ ತಡೆಯುವುದಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಹೆಚ್ಚಿನವರು ಯಂತ್ರ ಕೊಟ್ಟ ಅಂಕಿಯನ್ನು ಬದಲಿಸುವುದೇ ಇಲ್ಲ, ಬದಲಿಸಬೇಕು ಎನ್ನುವವರ ಕೈ ಯಾರೂ ಹಿಡಿದಿಲ್ಲ. ಖಟ್ಟರ್ ಹೇಳಿದ 20ರ ಮಿತಿ ಬೇರೆ ಜಾತಿ. ಅದು ಕಾರ್ಖಾನೆಯಲ್ಲೇ ಕಟ್ಟುವ ಬೇಲಿ. ಆದರೂ ಆ ಬೇಲಿ ಎಲ್ಲಿದೆ ಎಂದು ಕೊಳ್ಳುವಾಗಲೇ ಗೊತ್ತಿರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಜರುಗುವುದಿಲ್ಲ.

ಹಾಗಿದ್ದರೂ 20ಕ್ಕೆ ಯಾಕೆ ಇಳಿಸುತ್ತಾರೆ? ಇದಕ್ಕೆ ಉತ್ತರ ಎಸಿ ಮೆಕ್ಯಾನಿಕ್ ಮುಚ್ಚಳ ಎತ್ತಿದಾಗ ಕಾಣುತ್ತದೆ. ಬಲೆಯಂಥ ಫಿಲ್ಟರ್ ಎಳೆದರೆ ಹಿಂದೆ ಅಲ್ಯುಮಿನಿಯಂ ತಗಡಿನ ಸಾಲು. ಅದರ ಎದುರು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕರಿಮೆಣಸಿನ ಕಾಳಿನಷ್ಟು ದೊಡ್ಡ ಕಪ್ಪು ಮಣಿ, ಅದಕ್ಕೆ ಎರಡು ತೆಳು ವಯರು. ಬಿಸಿಯಾದಂತೆ ಆ ಮಣಿಯ ವಿದ್ಯುತ್ ಪ್ರತಿರೋಧ ಕಡಿಮೆಯಾಗುತ್ತದೆ. ಕೋಣೆಯ ಡಿಗ್ರಿ ಎಸಿಗೆ ಗೊತ್ತಾಗುವುದು ಸಾಮಾನ್ಯವಾಗಿ ಇದರಿಂದಲೇ. ಅಂದರೆ ಏಳೆಂಟು ಅಡಿ ಎತ್ತರದ ಗಾಳಿಯ ಡಿಗ್ರಿ, ನೀವು ಮಲಗಿದ ಮಂಚದ್ದಲ್ಲ. ಜೊತೆಗೆ ನಮ್ಮ ಗಾಳಿ ಬಳ್ಳಾರಿಯ ಗಾಳಿಯಲ್ಲ. ಅಲ್ಲಿನದು ಒಣ ಬಿಸಿಲು, ಇಲ್ಲಿ ಏಪ್ರಿಲ್, ಮೇಯಲ್ಲಿ ಬೆವರು ಆರುವುದೇ ಇಲ್ಲ. ಗಾಳಿಯ ತೇವ ತೆಗೆದರೆ 26ರಲ್ಲೂ ಹಾಯೆನಿಸುತ್ತದೆ, ತೆಗೆಯದಿದ್ದರೆ 23ರಲ್ಲೂ ಅಂಟಂಟು. ಇನ್ವರ್ಟರ್ ಎಸಿ, ಅಂದರೆ ಓಟದ ವೇಗ ತಾನೇ ಏರಿಳಿಸುವ ಎಸಿ, ನಿಧಾನಕ್ಕೆ ಓಡುವಾಗ ತೇವ ತೆಗೆಯುವುದು ಕಡಿಮೆ. ಅದಕ್ಕೇ ಜನ ಸಿಟ್ಟಿನಿಂದ ಇಪ್ಪತ್ತಕ್ಕೆ ಒತ್ತುತ್ತಾರೆ. ದಿಲ್ಲಿಯಲ್ಲೋ, ಬೇರೆ ದೇಶದ ಸರ್ವರಿನಲ್ಲೋ ಕೂತವರಿಗೆ ಅಂಕಿ ಕಾಣುತ್ತದೆ, ಸೆಕೆ ಕಾಣುವುದಿಲ್ಲ.

ಇದನ್ನೇ ಉಪ್ಪಳದ ಕಡೆ ಒಬ್ಬ ಅಮ್ಮ ಮಗನಿಗೆ ಹೇಳಿದ್ದು ಕೇಳಿದ್ದೇನೆ. ಮಗ ದುಬೈಯಲ್ಲಿ. ಊರಿಗೆ ಬಂದಾಗ ವೈಫೈ ಎಸಿ ಹಾಕಿಸಿದ, ಆ್ಯಪಿನ ಖಾತೆ ಅವನ ಹೆಸರಲ್ಲೇ. ಒಂದು ರಾತ್ರಿ ಫೋನು: "ಅಮ್ಮ, ಎಸಿ ಇಪ್ಪತ್ತಕ್ಕೆ ಯಾಕೆ ಇಟ್ಟದ್ದು? ನಾನು ಇಪ್ಪತ್ತಾರು ಮಾಡಿದ್ದೇನೆ." "ನೀನು ಅಲ್ಲಿ ಕೂತು ಇಲ್ಲಿಯ ಸೆಕೆ ನೋಡುದು ಹೇಗೆ ಮಾರಾಯ?" ಅಂದವರೇ ರಿಮೋಟ್ ತೆಗೆದು ಮತ್ತೆ ಇಳಿಸಿದರು. ಮಗನದ್ದು ಕಾಳಜಿಯೇ, ಬಿಲ್ಲು ಕಟ್ಟುವವನೂ ಅವನೇ. ಆದರೂ ಕೈಯಲ್ಲೊಂದು ರಿಮೋಟ್ ಇದ್ದದ್ದರಿಂದ ಅಮ್ಮನ ಮಾತು ನಡೆಯಿತು, ಅಲ್ವಾ? ನಮ್ಮ ಎಸಿಗಳ ಪುಣ್ಯ ಅದೇ. ಇಂಟರ್ನೆಟ್ ಬಂದರೂ ಹಳೆಯ ರಿಮೋಟ್ ಹೋಗಿಲ್ಲ.

ಹೊರಗಿನವರು ಕೈಹಾಕುವ ಕಾಲ ನಮಗೂ ಬರುತ್ತದಾ? ಬರುವ ಕಾರಣಗಳು ಸುಳ್ಳಲ್ಲ. 2024ರ ಬೇಸಿಗೆಯಲ್ಲಿ ಕೇರಳದ ದಿನದ ಬಳಕೆ 11 ಕೋಟಿ ಯೂನಿಟ್ ದಾಟಿತು. ಮೊದಲೆಲ್ಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಏರುತ್ತಿದ್ದ ಬೇಡಿಕೆ, ಆ ವರ್ಷ ಜನ ಎಸಿ ಹಾಕಿ ಮಲಗುವ ಹೊತ್ತಿಗೆ ತುದಿ ಮುಟ್ಟಿತು. ನೂರಾರು ಟ್ರಾನ್ಸ್‌ಫಾರ್ಮರುಗಳು ಕೆಟ್ಟವು. ರಾತ್ರಿ ಎಸಿಯನ್ನು 26ರ ಮೇಲೆ ಇಡಿ ಎಂದು ವಿದ್ಯುತ್ ಮಂಡಳಿ ಕೇಳಿಕೊಂಡಿತು. ಕಾರ್ಟರ್ ಸ್ವೆಟರ್ ಹಾಕಿ ಕೇಳಿದ್ದೂ ಇದನ್ನೇ. ಅಮೆರಿಕದಲ್ಲಿ ಕೇಳಿಕೊಳ್ಳುವುದರಿಂದ ತಾನೇ ತಿರುಗಿಸಲು ಹೊರಡುವವರೆಗೆ ಬರಲು ಮೂರು ದಶಕ ಹಿಡಿಯಿತು. ನಮಗೆ ಅಷ್ಟು ಹಿಡಿಯಲಾರದು, ಯಂತ್ರಗಳು ಆಗಲೇ ಮನೆಯೊಳಗಿವೆ.

ಬಳಕೆಯ ಲೆಕ್ಕವನ್ನು ತಾನೇ ಮಂಡಳಿಗೆ ಕಳಿಸುವ ಸ್ಮಾರ್ಟ್ ಮೀಟರ್ ಬಂದರೆ ಎಸಿ ಮಂಡಳಿಯ ಕೈಗೆ ಹೋಗುತ್ತದೆ ಎಂಬ ಹೆದರಿಕೆ ಕೆಲವರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಮೀಟರಿಗೆ ಗೊತ್ತಾಗುವುದು ಇಡೀ ಮನೆಯ ಬಳಕೆ, ದೂರದಿಂದ ಕಡಿಯಬಹುದಾದದ್ದೂ ಇಡೀ ಮನೆಯ ಸಂಪರ್ಕ. ಎಸಿಯೊಂದನ್ನೇ ಮುಟ್ಟಬೇಕಾದರೆ ಎಸಿಯೇ ಇಂಟರ್ನೆಟ್ಟಿಗೆ ಅಂಟಿರಬೇಕು, ನೀವು ಎಲ್ಲೋ ಒಪ್ಪಿಗೆ ಒತ್ತಿರಬೇಕು. ಕೇರಳ 2023ರಲ್ಲಿ, ಕಾರ್ಮಿಕ ಸಂಘಟನೆಗಳ ವಿರೋಧದ ಬಳಿಕ, ಮೀಟರನ್ನು ಖಾಸಗಿಯವರಿಗೆ ವಹಿಸುವ ಕೇಂದ್ರದ ಮಾದರಿ ಬಿಟ್ಟು ತನ್ನದೇ ದಾರಿ ಹಿಡಿಯಿತು. ಆ ಜಗಳ ದುಡ್ಡು ಮತ್ತು ಕೆಲಸದ ಬಗ್ಗೆ ಇತ್ತು. ಗುಂಡಿ ಯಾರದು ಎಂಬ ಮಾತು ಅದರಲ್ಲಿ ದೊಡ್ಡದಾಗಿ ಬರಲೇ ಇಲ್ಲ.

ಬರಬೇಕು ಎನ್ನುವುದು ನನ್ನ ವಾದ. ಬೇಡಿಕೆ ಇಳಿಸಲು ಗ್ರಾಹಕ ಒಪ್ಪುವುದರಲ್ಲಿ ತಪ್ಪಿಲ್ಲ. ಆದರೆ ಒಪ್ಪಿದ ಮೇಲೂ ಇವತ್ತೊಂದು ದಿನ ಬೇಡ, ಮನೆಯಲ್ಲಿ ಜ್ವರದ ಮಗು ಇದೆ ಎನ್ನುವ ದಾರಿ ಇರಬೇಕು. ಕೊಲರಾಡೋದಲ್ಲಿ ಇಲ್ಲದ್ದು ಅದೊಂದೇ. ಇನ್ನೊಂದು, ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು. ಹಾಗಾದರೆ ಅಂಥ ಯೋಜನೆಯ ಒಪ್ಪಿಗೆ ಪತ್ರವೂ ಕನ್ನಡದಲ್ಲಿ ಕೈಗೆ ಬರಬೇಕು. ಓದಲಾಗದ ಷರತ್ತಿಗೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗುವುದಿಲ್ಲ.

ಕಂಪನಿಗಳ ಮೇಲೆ ಭಾರ ಹಾಕದೆ ತಾವೇ ದಾರಿ ಹುಡುಕಿದವರೂ ಇದ್ದಾರೆ. 2013ರಲ್ಲಿ ಶುರುವಾದ ಮನೆಯ ಯಂತ್ರಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಮನೆಯೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಓಡುತ್ತದೆ, ಇಂಟರ್ನೆಟ್ ಬೇಡ. ಕೆಲವು ನೂರು ರೂಪಾಯಿಯ ಇಎಸ್‌ಪಿ32 ಚಿಪ್ಪಿಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಬೆಸುಗೆ ಹಾಕಿದರೆ ಅದೇ ನಿಮ್ಮ ಎಸಿಯ ಇನ್ನೊಂದು ರಿಮೋಟ್. ಒಂದು ಕೊರತೆ ಇದೆ: ಅದು ಆಜ್ಞೆ ಕಳಿಸುತ್ತದೆ, ಉತ್ತರ ಪಡೆಯುವುದಿಲ್ಲ. ಅಮ್ಮ ಕೈ ರಿಮೋಟಿನಲ್ಲಿ ಆಫ್ ಮಾಡಿದರೂ ಕಂಪ್ಯೂಟರ್ ಆನ್ ಎಂದೇ ತಿಳಿದಿರುತ್ತದೆ. ಕಂಪನಿಗಳಿಗೆ ಇದೆಲ್ಲ ಅಷ್ಟು ಇಷ್ಟವಿಲ್ಲ. 2024ರ ಜನವರಿಯಲ್ಲಿ ಎಸಿ, ಫ್ರಿಜ್ಜು ಮಾಡುವ ಹೈಯರ್ ಕಂಪನಿಯ ಯುರೋಪ್ ಶಾಖೆ, ತನ್ನ ಯಂತ್ರಗಳನ್ನು ಹೋಮ್ ಅಸಿಸ್ಟೆಂಟಿಗೆ ಜೋಡಿಸುವ ತಂತ್ರಾಂಶ ಬರೆದವನಿಗೆ ತೆಗೆದುಹಾಕು ಎಂದು ನೋಟಿಸ್ ಕೊಟ್ಟಿತು. ಜನ ಅದನ್ನು ಸಾವಿರಾರು ಕಡೆ ನಕಲು ಮಾಡಿಟ್ಟರು, ಕೆಲವೇ ದಿನದಲ್ಲಿ ಕಂಪನಿ ಮೆತ್ತಗಾಯಿತು.

ಎಲ್ಲರಿಗೂ ಬೆಸುಗೆ ಹಿಡಿಯಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಸದ್ಯಕ್ಕೆ ಕೇರಳದಲ್ಲಿ ನಡೆಯುತ್ತಿರುವುದು ಯಂತ್ರಕ್ಕೆ ಕೈಹಾಕುವ ಕೆಲಸವಲ್ಲ, ದರದ ಆಟ. ನಮ್ಮ ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರಿನಲ್ಲಿ 50 ಮೆಗಾವ್ಯಾಟಿನ ಸೌರ ಸ್ಥಾವರ 2021ರಲ್ಲಿ ಉದ್ಘಾಟನೆಯಾಯಿತು. ಹಗಲಿನ ಕರೆಂಟು ಉಳಿಯುತ್ತದೆ, ರಾತ್ರಿಯದು ಸಾಲುವುದಿಲ್ಲ. ಹಗಲಿನದನ್ನು ಹಿಡಿದಿಟ್ಟು ನಾಲ್ಕು ಗಂಟೆ ಕೊಡಬಲ್ಲ 125 ಮೆಗಾವ್ಯಾಟಿನ ಬ್ಯಾಟರಿಗೆ ಮೈಲಾಟ್ಟಿಯಲ್ಲಿ ಜಾಗ ಗೊತ್ತುಮಾಡಿದ್ದಾರೆ. ಜೊತೆಗೆ 2025ರಿಂದ ತಿಂಗಳಿಗೆ 250 ಯೂನಿಟ್ ಮೀರುವ ಮನೆಗಳಿಗೆ ಹೊತ್ತಿನ ಮೇಲೆ ದರ: ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಶೇ 10 ಕಡಿಮೆ, ಸಂಜೆ 6ರಿಂದ ರಾತ್ರಿ 10ರವರೆಗೆ ಶೇ 25 ಜಾಸ್ತಿ.

ಎಸಿಯನ್ನು ಹಗಲಿಗೆ ದೂಡಲಾಗುವುದಿಲ್ಲ, ಸೆಕೆಗೆ ನಿದ್ದೆ ಬಾರದಿರುವುದು ರಾತ್ರಿಯೇ. ಗೀಸರನ್ನು ದೂಡಬಹುದು. ತೆಂಗಿನ ಮಡಲು, ಕೊತ್ತಳಿಗೆ ತುರುಕಿ ಹಂಡೆ ಕಾಯಿಸುವ ಬಚ್ಚಲು ಇನ್ನೂ ಎಷ್ಟೋ ಮನೆಯಲ್ಲಿದೆ, ಅವರಿಗೆ ಈ ಮಾತು ಬೇಡ. ಉಳಿದವರ 15 ಲೀಟರಿನ ಗೀಸರಿಗೆ ಎರಡು ಕಿಲೋವ್ಯಾಟಿನ ಕಾಯಿಲು ಇರುತ್ತದೆ, ನೀರು ಕಾಯಲು ಅರ್ಧ ಗಂಟೆ ಧಾರಾಳ. ಸಂಜೆ ಐದೂವರೆಗೆ ಹಾಕಿ ಆರಕ್ಕೆ ಆರಿಸಿದರೆ, ಎಂಟು ಗಂಟೆಗೆ ಮೀಯುವಾಗ ನಾಲ್ಕೈದು ಡಿಗ್ರಿಗಿಂತ ಹೆಚ್ಚು ತಣಿದಿರುವುದಿಲ್ಲ. ಮರೆತುಹೋಗುತ್ತದೆ ಎನ್ನುವವರು 16 ಆಂಪಿಯರಿನ ಟೈಮರ್ ಸ್ವಿಚ್ ಹಾಕಿಸಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ಆ್ಯಪೂ ಬೇಡ, ಖಾತೆಯೂ ಬೇಡ.