ಕೋಚ್ ಹೋದ್ಮೇಲೆ ಹೊಸ ಮ್ಯಾನೇಜರ್‌ನ ಯಾರು ಹುಡುಕ್ತಾರೆ, ಹೆಂಗೆ ಹುಡುಕ್ತಾರೆ?

ಪ್ರಶ್ನೆ: "ಅಣ್ಣ, ಒಂದು ಫುಟ್‌ಬಾಲ್ ಕ್ಲಬ್ ಕೋಚ್‌ನ ತೆಗೆದ ಮಾರನೇ ದಿನಾನೇ ಹತ್ತು ಹೆಸ್ರು ಓಡಾಡೋಕೆ ಶುರು ಆಗತ್ತೆ. ಕೊನೆಗೆ ಬರೋನು ಆ ಹತ್ತರಲ್ಲಿ ಇರೋದೇ ಇಲ್ಲ. ಒಳಗೆ ನಿಜವಾಗ್ಲೂ ಏನ್ ನಡೆಯತ್ತೆ? ಯಾರು ಡಿಸೈಡ್ ಮಾಡ್ತಾರೆ?" (ತೀರ್ಥಹಳ್ಳಿಯ ಒಬ್ಬ ಡಿಗ್ರಿ ಸ್ಟೂಡೆಂಟ್)

ಇದೇ ಪ್ರಶ್ನೆನ ಸಾಗರ, ಭದ್ರಾವತಿ, ಕೊಪ್ಪ ಕಡೆಯವ್ರೂ ಬೇರೆ ಬೇರೆ ಮಾತಲ್ಲಿ ಕೇಳ್ತಾನೇ ಇರ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಒಂದು ಕಡ್ಡಿ ಇದ್ರೂ ರಾತ್ರಿ ಒಂದು ಗಂಟೆವರೆಗೆ ಎದ್ದಿದ್ದು ಮ್ಯಾಚ್ ನೋಡೋರು ನಮ್ಮ ಕಡೆ ಈಗ ಬೇಕಾದಷ್ಟು ಜನ ಇದಾರೆ, ಹಂಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದ್ಲು ಚಿಕ್ಕ ಉತ್ತರ. ಚೆನ್ನಾಗಿ ನಡೆಯೋ ಕ್ಲಬ್‌ಗಳಲ್ಲಿ ಹುಡುಕಾಟ ಕೋಚ್ ಹೋಗೋಕೆ ಮುಂಚೆನೇ ಶುರು ಆಗಿರತ್ತೆ. ಈಗಿರೋರು ಚೆನ್ನಾಗೇ ಮಾಡ್ತಿದ್ರೂ ನಾಲ್ಕೈದು ಹೆಸ್ರಿನ ಒಂದು ಲಿಸ್ಟ್ ಇಟ್ಕೊಂಡಿರ್ತಾರೆ, ಅದನ್ನ ಆಗಾಗ ತಿದ್ದುತಾ ಇರ್ತಾರೆ, ಯಾಕಂದ್ರೆ ಒಳ್ಳೆ ಕೋಚ್‌ನ ದೊಡ್ಡ ಕ್ಲಬ್‌ನವ್ರು ಯಾವಾಗ ಬೇಕಾದ್ರೂ ಬಂದು ಎತ್ಕೊಂಡು ಹೋಗ್ಬಹುದು. ಸರಿಯಾಗಿ ನಡೆಯದ ಕ್ಲಬ್ ಮೊದ್ಲು ತೆಗೆಯತ್ತೆ, ಆಮೇಲೆ ಯೋಚ್ನೆ ಮಾಡತ್ತೆ. ನನ್ನ ಪ್ರಕಾರ ಯಾರು ಬಂದ್ರು ಅನ್ನೋದಕ್ಕಿಂತ ಅವ್ರನ್ನ ಯಾರು ಆರಿಸಿದ್ರು, ಏನು ನೋಡಿ ಆರಿಸಿದ್ರು ಅಂತ ಗಮನಿಸಿದ್ರೆ ಮುಂದಿನ ಎರಡು ಸೀಸನ್ ಹೆಂಗಿರತ್ತೆ ಅನ್ನೋದು ಅರ್ಧ ಗೊತ್ತಾಗಿಬಿಡತ್ತೆ.

ಡಿಸೈಡ್ ಮಾಡೋರು ಯಾರು ಅಂತ ಕೇಳಿದ್ರಲ್ಲ. ಹಿಂದೆ ಇಂಗ್ಲೆಂಡಲ್ಲಿ ಮ್ಯಾನೇಜರ್ ಅಂದ್ರೆ ಎಲ್ಲಾ ಅವ್ರೇ: ಟೀಮ್ ಆಡ್ಸೋದು, ಆಟಗಾರರನ್ನ ಕೊಳ್ಳೋದು ಮಾರೋದು, ಅಕಾಡೆಮಿ ನೋಡ್ಕೊಳ್ಳೋದು. ಅಲೆಕ್ಸ್ ಫರ್ಗುಸನ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 1986ರಿಂದ 2013ರ ತನಕ ಹಂಗೇ ನಡೆಸಿದ್ರು. ಕೊನೆಗೆ ತಮ್ಮ ಜಾಗಕ್ಕೆ ಬರೋರನ್ನೂ ಅವ್ರೇ ಸೂಚಿಸಿದ್ರು, ಡೇವಿಡ್ ಮೋಯ್ಸ್, ಆರು ವರ್ಷದ ಕಾಂಟ್ರ್ಯಾಕ್ಟ್ ಬೇರೆ. ಅದೇ ಸಮಯಕ್ಕೆ ಕ್ಲಬ್ಬಿನ ವ್ಯವಹಾರ ನೋಡ್ಕೊಳ್ತಿದ್ದ ಡೇವಿಡ್ ಗಿಲ್ ಕೂಡ ಬಿಟ್ಟು ಹೋದ್ರು, ಅಂದ್ರೆ ಮನೆಯ ಹಿರಿಯರಿಬ್ರೂ ಒಟ್ಟಿಗೇ ಎದ್ದು ಹೋದಂಗಾಯ್ತು. 2014ರ ಏಪ್ರಿಲ್‌ನಲ್ಲಿ, ಒಂದು ಸೀಸನ್ ಪೂರ್ತಿ ಮುಗಿಯೋಕೂ ಮುಂಚೆ, ಮೋಯ್ಸ್ ಕೆಲಸ ಹೋಯ್ತು. ಅವ್ರು ಕೆಟ್ಟ ಕೋಚ್ ಅಂತ ನಾನು ಖಂಡಿತ ಹೇಳಲ್ಲ, ಎವರ್ಟನ್‌ನಲ್ಲಿ ಹನ್ನೊಂದು ವರ್ಷ ನಿಂತು ಕೆಲಸ ಮಾಡಿದವ್ರು, ಆದ್ರೆ ಈ ಟೀಮಿಗೆ ಈಗ ಎಂಥ ಕೋಚ್ ಬೇಕು ಅಂತ ಕೂತು ಯೋಚ್ನೆ ಮಾಡೋ ವ್ಯವಸ್ಥೆನೇ ಅಲ್ಲಿ ಇರ್ಲಿಲ್ಲ.

ಈಗ ಬಹಳಷ್ಟು ಕ್ಲಬ್‌ಗಳಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್ ಅಂತ ಒಬ್ರು ಇರ್ತಾರೆ. ಆಟಗಾರರ ಖರೀದಿ, ಅಕಾಡೆಮಿ, ಆಟದ ಶೈಲಿ ಎಲ್ಲಾ ಅವ್ರ ಕೈಲಿ, ಕೋಚ್‌ಗೆ ಟೀಮ್ ತಯಾರು ಮಾಡಿ ಆಡ್ಸೋ ಕೆಲಸ ಮಾತ್ರ. ಅದಕ್ಕೇ ಈಗೀಗ ಮ್ಯಾನೇಜರ್ ಬದ್ಲು ಹೆಡ್ ಕೋಚ್ ಅಂತ ಹುದ್ದೆ ಹೆಸ್ರು ಕಾಣ್ಸೋದು. ಸ್ಪೋರ್ಟಿಂಗ್ ಡೈರೆಕ್ಟರ್ ಲಿಸ್ಟ್ ಮಾಡ್ತಾರೆ, ಮಾಲೀಕರು ಒಪ್ಪಿಗೆ ಕೊಡ್ತಾರೆ, ದುಡ್ಡು ಬಿಡ್ತಾರೆ.

ಈ ಕೆಲಸ ಸರಿಯಾಗಿ ಹೆಂಗೆ ಮಾಡ್ತಾರೆ ಅಂತ ನೋಡೋಕೆ ಲಿವರ್‌ಪೂಲ್ ಸಾಕು. 2014-15ರಲ್ಲಿ ಯೂರ್ಗೆನ್ ಕ್ಲಾಪ್ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿದ್ರು, ಆ ಸೀಸನ್ ಅವ್ರಿಗೆ ಭಾರಿ ಕೆಟ್ಟದು, ಫೆಬ್ರವರಿ ಹೊತ್ತಿಗೆ ಟೇಬಲ್‌ನಲ್ಲಿ ಎಲ್ಲರಿಗಿಂತ ಕೆಳಗೆ, ಕೊನೆಗೆ ಹೆಂಗೋ 7ನೇ ಸ್ಥಾನ. ಹೊರಗಿನಿಂದ ನೋಡೋರಿಗೆ ಇವ್ರ ಕಥೆ ಮುಗೀತು ಅನ್ಸೋದು ಸಹಜ. ಆದ್ರೆ ಲಿವರ್‌ಪೂಲ್‌ನಲ್ಲಿ ಇಯಾನ್ ಗ್ರಹಾಂ ಅಂತ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದ ಒಬ್ರು ಇದ್ರು, ಅವ್ರು ಆ ಸೀಸನ್ನಿನ ಡಾರ್ಟ್‌ಮುಂಡ್ ಮ್ಯಾಚ್‌ಗಳ ಡೇಟಾ ತಗೊಂಡು, ಎಷ್ಟು ಗೋಲ್ ಚಾನ್ಸ್ ಮಾಡ್ಕೊಂಡ್ರು, ಎಷ್ಟು ಬಿಟ್ಕೊಟ್ರು ಅಂತ ಲೆಕ್ಕ ಹಾಕಿ, ಈ ಟೀಮ್ ಆಡಿದ ಆಟಕ್ಕೆ 2ನೇ ಸ್ಥಾನಕ್ಕೆ ಬರ್ಬೇಕಿತ್ತು, ಅದೃಷ್ಟ ಕೈ ಕೊಟ್ಟಿದೆ ಅಷ್ಟೇ ಅಂತ ತೋರಿಸಿದ್ರು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಬಂದ್ರು. 2019ರಲ್ಲಿ ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ರು, 2020ರಲ್ಲಿ ಮೂವತ್ತು ವರ್ಷದ ನಂತರ ಇಂಗ್ಲೆಂಡಿನ ಲೀಗೂ ಗೆದ್ರು. ಬರೀ ಟೇಬಲ್ ನೋಡಿ ಕೋಚ್‌ನ ಅಳೆಯೋದು ಎಷ್ಟು ಅಪಾಯ ಅಂತ ನಂಗೆ ಇದಕ್ಕಿಂತ ಚೆನ್ನಾಗಿ ತಿಳಿಸಿದ ಕಥೆ ಇನ್ನೊಂದಿಲ್ಲ.

ಅದೇ ಕ್ಲಾಪ್ 2024ರ ಜನವರಿಯಲ್ಲಿ, ಸೀಸನ್ ಮುಗಿದ ಮೇಲೆ ಹೋಗ್ತೀನಿ ಅಂತ ಮುಂಚೆನೇ ಹೇಳಿದ್ರು, ಕ್ಲಬ್‌ಗೆ ನಾಲ್ಕು ತಿಂಗಳು ಟೈಮ್ ಸಿಕ್ತು. ಎಲ್ಲರ ಬಾಯಲ್ಲೂ ಆಗ ಜರ್ಮನಿಯ ಲೆವರ್‌ಕುಸೆನ್ ಕ್ಲಬ್ ಕೋಚ್ ಆಗಿದ್ದ ಶಾಬಿ ಅಲೊನ್ಸೊ ಹೆಸ್ರು, ಅವ್ರು ಮಾರ್ಚಲ್ಲಿ ನಾನು ಲೆವರ್‌ಕುಸೆನ್ ಬಿಡಲ್ಲ ಅಂದ್ರು. ಲಿವರ್‌ಪೂಲ್ ಗಾಬರಿ ಆಗ್ಲಿಲ್ಲ. ಹೊಸ ಸ್ಪೋರ್ಟಿಂಗ್ ಡೈರೆಕ್ಟರ್ ರಿಚರ್ಡ್ ಹ್ಯೂಸ್ ಮತ್ತೆ ಹಿಂದೆ ಅದೇ ಹುದ್ದೆಯಲ್ಲಿದ್ದು ವಾಪಸ್ ಬಂದಿದ್ದ ಮೈಕಲ್ ಎಡ್ವರ್ಡ್ಸ್ ಸೇರಿ ಡಚ್ ಕ್ಲಬ್ ಫೆಯೆನೂರ್ಡ್‌ನ ಕೋಚ್ ಆರ್ನೆ ಸ್ಲಾಟ್‌ನ ಆರಿಸಿದ್ರು. ಅವ್ರ ಟೀಮ್ ಆಡೋ ರೀತಿ ಕ್ಲಾಪ್ ಬಿಟ್ಟುಹೋದ ಆಟಗಾರರಿಗೆ ಹತ್ರ ಇತ್ತು, ಇದ್ದ ಆಟಗಾರರನ್ನೇ ಬೆಳೆಸೋ ಹೆಸ್ರಿತ್ತು. ಮೊದಲ ಸೀಸನ್ನಿನ ಟೀಮಿಗೆ ಸೇರಿದ ಹೊಸ ಆಟಗಾರ ಅಂದ್ರೆ ಫೆಡೆರಿಕೊ ಕಿಯೇಜಾ ಒಬ್ರೇ, ಆದ್ರೂ 2024-25ರ ಲೀಗ್ ಗೆದ್ರು. ಹಳೇ ಟೀಮಿಗೆ ಹೊಂದೋ ಕೋಚ್ ಸಿಕ್ರೆ ಟೀಮ್ ಒಡೆಯೋ ಅಗತ್ಯ ಬರಲ್ಲ ನೋಡಿ.

ಸೀಸನ್ ಮಧ್ಯೆ ತೆಗೆದ್ರೆ ಕಥೆ ಬೇರೆ. ನಮ್ಮಲ್ಲಿ ಅಡಿಕೆ ಕೊಯ್ಲು ಜೋರಾಗಿರೋವಾಗ ಮರ ಹತ್ತಿ ಕೊನೆ ಇಳಿಸೋ ಕೊನೆಗೌಡ ಕೈ ಕೊಟ್ರೆ ಏನಾಗತ್ತೆ? ಒಳ್ಳೆ ಕೊನೆಗೌಡರೆಲ್ಲಾ ಆಗ್ಲೇ ಬೇರೆಯವ್ರ ತೋಟ ಒಪ್ಕೊಂಡಿರ್ತಾರೆ, ಖಾಲಿ ಇರೋರು ಯಾಕೆ ಖಾಲಿ ಇದಾರೆ ಅಂತ ವಿಚಾರಿಸ್ಬೇಕು, ಇಲ್ಲಾಂದ್ರೆ ಜಾಸ್ತಿ ಕೊಟ್ಟು ಇನ್ನೊಬ್ರ ತೋಟದಿಂದ ಕರ್ಕೊಂಡು ಬರ್ಬೇಕು, ಅಷ್ಟ್ರಲ್ಲಿ ಕಾಯಿ ಹಣ್ಣಾಗ್ತಾ ಇರತ್ತೆ. 2024ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಗಿದ್ದು ಇದೇ. ಜುಲೈನಲ್ಲಿ ಕೋಚ್ ಎರಿಕ್ ಟೆನ್ ಹಾಗ್ ಕಾಂಟ್ರ್ಯಾಕ್ಟ್‌ನ 2026ರ ತನಕ ಮುಂದುವರಿಸಿದ್ರು, ಅಕ್ಟೋಬರ್ 28ಕ್ಕೆ ತೆಗೆದ್ರು. ಬೇಕಾಗಿದ್ದ ರೂಬೆನ್ ಅಮೊರಿಮ್ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಕೆಲಸದಲ್ಲಿದ್ರು, ಬಿಡಿಸ್ಕೊಳ್ಳೋಕೆ ಸುಮಾರು 1.1 ಕೋಟಿ ಯೂರೋ ಕಟ್ಟಿದ್ರು, ನೋಟಿಸ್ ಪೀರಿಯಡ್ ಅಂತ ಅವ್ರು ನವೆಂಬರ್ 11ರ ತನಕ ಬರೋಕೂ ಆಗ್ಲಿಲ್ಲ. ಅದಕ್ಕಿಂತ ದೊಡ್ಡ ತೊಂದ್ರೆ ಏನಂದ್ರೆ ಅಮೊರಿಮ್ ಆಡ್ಸೋದು ಹಿಂದೆ ಮೂರು ಜನ ಡಿಫೆಂಡರ್ ಇಟ್ಕೊಂಡು, ಇದ್ದ ಟೀಮ್ ಕಟ್ಟಿದ್ದು ನಾಲ್ಕು ಜನರ ಡಿಫೆನ್ಸ್‌ಗೆ, ಮಧ್ಯದಲ್ಲಿ ಪ್ರೀ ಸೀಸನ್ ಕ್ಯಾಂಪೂ ಇಲ್ಲ. ಆ ಸೀಸನ್ ಲೀಗಲ್ಲಿ 15ನೇ ಸ್ಥಾನ, ಯೂರೋಪಾ ಲೀಗ್ ಫೈನಲ್ಲೂ ಟಾಟನ್‌ಹ್ಯಾಮ್ ಎದುರು ಸೋತ್ರು. ಟೆನ್ ಹಾಗ್ ಮತ್ತೆ ಅವ್ರ ಸ್ಟಾಫ್‌ಗೆ ಕೊಟ್ಟ ಪರಿಹಾರನೇ 1 ಕೋಟಿ ಪೌಂಡ್ ದಾಟಿತ್ತು. "ಪರಸ್ಪರ ಒಪ್ಪಿಗೆಯಿಂದ ಬೇರೆಯಾದ್ರು" ಅಂತ ಪ್ರಕಟಣೆ ಬರತ್ತಲ್ಲ, ಬಹಳ ಸಲ ಅದರ ಹಿಂದೆ ಇರೋದು ಉಳಿದ ಕಾಂಟ್ರ್ಯಾಕ್ಟ್ ದುಡ್ಡಲ್ಲಿ ಎಷ್ಟು ಕೊಡೋದು ಅನ್ನೋ ಮಾತುಕತೆ.

ಇಂಟರಿಮ್, ಅಂದ್ರೆ ತಾತ್ಕಾಲಿಕ ಕೋಚ್ ಗೆದ್ರೆ ಅವ್ರನ್ನೇ ಇಟ್ಕೋಬಾರ್ದಾ ಅಂತಾನೂ ಕೇಳ್ತಾರೆ. ಒಮ್ಮೊಮ್ಮೆ ಆಗತ್ತೆ. ರಾಬರ್ಟೊ ಡಿ ಮ್ಯಾಟಿಯೊ 2012ರ ಮಾರ್ಚಲ್ಲಿ ಚೆಲ್ಸಿಗೆ ತಾತ್ಕಾಲಿಕ ಕೋಚ್ ಆಗಿ, ಎಫ್‌ಎ ಕಪ್ ಜೊತೆಗೆ ಚಾಂಪಿಯನ್ಸ್ ಲೀಗೂ ಗೆದ್ದು, ಪರ್ಮನೆಂಟ್ ಆಗಿ, ಅದೇ ನವೆಂಬರ್‌ನಲ್ಲಿ ಕೆಲಸ ಕಳ್ಕೊಂಡ್ರು. ಸೋಲ್‌ಶಾರ್ ಯುನೈಟೆಡ್‌ನಲ್ಲಿ ಮೊದಲ 19 ಮ್ಯಾಚಲ್ಲಿ 14 ಗೆದ್ದಾಗ ಮೂರು ವರ್ಷದ ಕಾಂಟ್ರ್ಯಾಕ್ಟ್ ಕೊಟ್ರು, ಆಮೇಲೆ ಆ ಓಟ ನಿಂತೇ ಹೋಯ್ತು. ಬಾಸ್ ಟರ್ ವೀಲ್ ಅನ್ನೋ ಅರ್ಥಶಾಸ್ತ್ರಜ್ಞರು ಡಚ್ ಲೀಗಿನ 1986ರಿಂದ 2004ರ ತನಕದ ರಿಸಲ್ಟ್‌ಗಳನ್ನ ಹಿಡಿದು ನೋಡಿದಾಗ, ಕೋಚ್ ಬದ್ಲಾಯಿಸಿದ ಟೀಮೂ, ಅದೇ ರೀತಿ ಸೋಲ್ತಾ ಇದ್ರೂ ಕೋಚ್‌ನ ಇಟ್ಕೊಂಡ ಟೀಮೂ ಹೆಚ್ಚುಕಮ್ಮಿ ಒಂದೇ ಥರ ಚೇತರಿಸ್ಕೊಂಡಿದ್ವು. ತೀರಾ ಕೆಳಗೆ ಬಿದ್ದ ಟೀಮ್ ಯಾರಿದ್ರೂ ಸ್ವಲ್ಪ ಮೇಲೆ ಬರತ್ತೆ, ಹೊಸಬರು ಬಂದ ಟೈಮಿಗೆ ಬಂದ್ರೆ ಅವ್ರಿಗೆ ಹೆಸ್ರು. ಹಾಗಾಗಿ ಐದಾರು ಮ್ಯಾಚ್ ನೋಡಿ ಇವ್ರೇ ಬೇಕು ಅಂತ ಕೂಗೋದು ಬೇಡ.

ಇನ್ನು ಆ ಹತ್ತು ಹೆಸ್ರು ಎಲ್ಲಿಂದ ಬರತ್ತೆ ಅಂದ್ರೆ, ಕೆಲವು ಏಜೆಂಟ್‌ಗಳು ಬಿಡೋದು, ಕೆಲಸ ಇಲ್ದೇ ಇರೋ ಕೋಚ್‌ನ ಹೆಸ್ರು ಸುದ್ದಿಯಲ್ಲಿ ಇರ್ಲಿ ಅಂತ, ಅಥ್ವಾ ಈಗಿರೋ ಕ್ಲಬ್‌ನಿಂದ ಸಂಬಳ ಜಾಸ್ತಿ ಮಾಡಿಸ್ಕೊಳ್ಳೋಕೆ. ಕೆಲವು ಇಂಗ್ಲೆಂಡಿನ ಬೆಟ್ಟಿಂಗ್ ಕಂಪನಿಗಳ ಲಿಸ್ಟ್. ಒಳಗಿನ ಸುದ್ದಿ ಇರೋದು ಕಡಿಮೆ. ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳ್ತೀನಿ. 2025ರಲ್ಲಿ ಕೋಚ್ ಮನೋಲೊ ಮಾರ್ಕೆಸ್ ಇಂಡಿಯಾ ಟೀಮ್ ಬಿಟ್ಟ ಮೇಲೆ ನಮ್ಮ ಫುಟ್‌ಬಾಲ್ ಫೆಡರೇಷನ್ ಅರ್ಜಿ ಕರೆದಾಗ 170 ಅರ್ಜಿ ಬಂತು, ಬಾರ್ಸಿಲೋನಾದ ಮಾಜಿ ಕೋಚ್ ಶಾವಿ ಅರ್ಜಿ ಹಾಕಿದಾರೆ ಅಂತ ದೇಶ ಪೂರ್ತಿ ಸುದ್ದಿ ಆಯ್ತು, ಆಮೇಲೆ ನೋಡಿದ್ರೆ ಆ ಇಮೇಲ್ ಅಸಲಿನೇ ಅಲ್ಲ ಅಂತ ಫೆಡರೇಷನ್ನೇ ಹೇಳ್ಬೇಕಾಯ್ತು. ನಿಜವಾದ ಕೆಲಸ ನಡೆದಿದ್ದು ಮಾಜಿ ಆಟಗಾರ ಐ.ಎಂ. ವಿಜಯನ್ ಅಧ್ಯಕ್ಷರಾಗಿದ್ದ ಟೆಕ್ನಿಕಲ್ ಕಮಿಟಿಯಲ್ಲಿ. ಅವ್ರು ಮೂರು ಹೆಸ್ರಿಗೆ ಇಳಿಸಿದ್ರು: ಖಾಲಿದ್ ಜಮೀಲ್, ಸ್ಟೀಫನ್ ಕಾನ್‌ಸ್ಟಂಟೈನ್, ಸ್ಟೆಫಾನ್ ಟಾರ್ಕೊವಿಚ್. ಆಗಸ್ಟ್ 1ಕ್ಕೆ ಜಮೀಲ್ ಹೆಸ್ರು ಬಂತು. 2017ರಲ್ಲಿ ಐಜಾಲ್‌ನಂಥ ಚಿಕ್ಕ ಕ್ಲಬ್‌ನ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದವ್ರು, ಇಲ್ಲಿನ ಆಟಗಾರರನ್ನ ವರ್ಷಗಟ್ಟಲೆ ಹತ್ರದಿಂದ ಬಲ್ಲವ್ರು. ನಂಗೆ ಆ ಆಯ್ಕೆ ಸರಿ ಅನ್ಸಿತ್ತು, ಈಗ್ಲೂ ಹಂಗೇ ಅನ್ಸತ್ತೆ.

ಈಗ ನಮ್ಮ ಬೆಂಗಳೂರು ಎಫ್‌ಸಿ. 2013ರಲ್ಲಿ ಕ್ಲಬ್ ಹುಟ್ಟಿದಾಗ ಆಶ್ಲಿ ವೆಸ್ಟ್‌ವುಡ್, ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ರು, 2015-16ರಲ್ಲಿ ಇನ್ನೊಂದ್ಸಲ. ಅವ್ರ ನಂತರ ಆಲ್ಬರ್ಟ್ ರೋಕಾ, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಫೈನಲ್ ತನಕ ಕರ್ಕೊಂಡು ಹೋದ್ರು, ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಅದುವರೆಗೆ ಹೋಗಿರ್ಲಿಲ್ಲ. ರೋಕಾ 2018ರಲ್ಲಿ ಹೋದಾಗ ಕ್ಲಬ್ ಹೊರಗೆ ಹುಡುಕದೆ ಅವ್ರ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾಡ್ರಾಟ್‌ಗೇ ಟೀಮ್ ಕೊಟ್ರು. ಅದೇ ಆಟಗಾರರು, ಅದೇ ಪಾಸಿಂಗ್, ಆ ಸೀಸನ್ನಲ್ಲೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ಪು, ಗೋವಾ ಎದುರು ಎಕ್ಸ್ಟ್ರಾ ಟೈಮಲ್ಲಿ ರಾಹುಲ್ ಭೆಕೆ ಹೊಡೆದ ಹೆಡರ್ ಯಾರು ಮರೀತಾರೆ ಹೇಳಿ.

2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದ ಮೇಲೆ ದಾರಿ ಅಂಕುಡೊಂಕಾಯ್ತು. ಸ್ವಲ್ಪ ದಿನ ನೌಶಾದ್ ಮೂಸಾ, ಆಮೇಲೆ ಜರ್ಮನಿಯಿಂದ ಮಾರ್ಕೊ ಪೆಜಾಯೂಲಿ, 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್. ಪ್ರತಿಯೊಬ್ರದ್ದೂ ಬೇರೆ ಶೈಲಿ, ಪ್ರತಿ ಸಲ ಬೇರೆ ಥರದ ಆಟಗಾರರು ಬೇಕು. ಗ್ರೇಸನ್ ಡುರಾಂಡ್ ಕಪ್ ಗೆದ್ರು, ಐಎಸ್‌ಎಲ್ ಫೈನಲ್‌ಗೂ ಹೋಗಿ ಪೆನಾಲ್ಟಿಯಲ್ಲಿ ಸೋತ್ರು, ಅವ್ರ ಕೆಲಸನ ಕಡೆಗಣಿಸಬಾರ್ದು. ಆದ್ರೆ 2023ರ ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0-4 ಸೋತ ಮೇಲೆ ಅವ್ರೂ ಹೋದ್ರು. ಆ ತಿಂಗಳಲ್ಲೇ ಜೆರಾರ್ಡ್ ಜರಗೋಸಾ ಬಂದ್ರು, ಇವ್ರು 2018-19ರ ಕಪ್ ಗೆದ್ದಾಗ ಕ್ವಾಡ್ರಾಟ್ ಜೊತೆ ಅಸಿಸ್ಟೆಂಟ್ ಆಗಿದ್ದವ್ರು. ಆ ಸೀಸನ್ 10ನೇ ಸ್ಥಾನ, ಎಷ್ಟೋ ಜನ ಆಗ್ಲೇ ಇವ್ರನ್ನೂ ತೆಗೀರಿ ಅಂದ್ರು. ಕ್ಲಬ್ ತಡ್ಕೊಂಡ್ತು, ಬೇಸಿಗೆಯಲ್ಲಿ ಅವ್ರಿಗೆ ಬೇಕಾದಂಗೆ ಟೀಮ್ ಕಟ್ಟಿಕೊಡ್ತು, ಮುಂದಿನ ಸೀಸನ್ 2025ರ ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಎದುರು ಫೈನಲ್, ಎಕ್ಸ್ಟ್ರಾ ಟೈಮಲ್ಲಿ 2-1 ಸೋಲು.

ನಾನು ಇದ್ರಲ್ಲಿ ಕಾಣೋದು ಇಷ್ಟು: ಈ ಕ್ಲಬ್‌ಗೆ ತನ್ನ ಆಟ ಏನು ಅಂತ ನೆನಪಿದ್ದಾಗ ಕೋಚ್ ಸುಲಭವಾಗಿ ಸಿಕ್ಕಿದಾರೆ, ಮರೆತಾಗ ವರ್ಷಗಳು ಹೋಗಿವೆ. ಮುಂದೆ ಯಾರನ್ನೇ ತರ್ಲಿ, ಭಾರತದವ್ರನ್ನಾದ್ರೂ ತರ್ಲಿ ಸ್ಪೇನ್‌ನವ್ರನ್ನಾದ್ರೂ ತರ್ಲಿ, ಕಾಂಟ್ರ್ಯಾಕ್ಟ್ ಎಷ್ಟು ವರ್ಷ, ಜೊತೆಗೆ ಯಾವ ಸ್ಟಾಫ್ ಬರ್ತಿದಾರೆ, ನಮ್ಮ ಹುಡುಗ್ರಲ್ಲಿ ಯಾರಿಗೆ ಈ ಆಟ ಹೊಂದತ್ತೆ ಅಂತ ನೋಡಿದೀವಿ, ಈ ಮೂರನ್ನ ಕ್ಲಬ್‌ನವ್ರು ಬಾಯಿ ಬಿಟ್ಟು ಹೇಳ್ಬೇಕು. ಶಿವಮೊಗ್ಗದಿಂದ ಟ್ರೈನ್ ಹತ್ತಿ ಕಂಠೀರವಕ್ಕೆ ಹೋಗಿ, ಮ್ಯಾಚ್ ಮುಗಿಸ್ಕೊಂಡು ರಾತ್ರಿನೇ ವಾಪಸ್ ಬರೋ ಹುಡುಗ್ರಿದಾರೆ, ಅವ್ರಿಗೆ ಅಷ್ಟು ಕೇಳೋ ಹಕ್ಕಿದೆ.