ಪದ ಪರಿಚಯ: ಸನ್ನದ್ಧತೆ

ಹಗ್ಗವನ್ನು ಹಾವೆಂದು ಬೆಚ್ಚಿದವನ ಕಥೆ ನಮ್ಮ ವೇದಾಂತಿಗಳಿಗೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಅಚ್ಚುಮೆಚ್ಚು. ಅವರಿಗೆ ಬೇಕಿದ್ದದ್ದು ಭ್ರಮೆಗೊಂದು ಉದಾಹರಣೆ. ಮನಶ್ಶಾಸ್ತ್ರದವರು ಅದೇ ಕಥೆಗೆ ಬೇರೆ ಪ್ರಶ್ನೆ ಹಾಕುತ್ತಾರೆ: ಹಗ್ಗ ಹಾವೇ ಯಾಕಾಗಬೇಕು? ಮುಸ್ಸಂಜೆಯಲ್ಲಿ ತೋಟದ ಡ್ರಿಪ್ ಪೈಪು ಕಂಡು ನಾನು ಎಷ್ಟೋ ಸಲ ಎಗರಿ ಹಿಂದೆ ಸರಿದಿದ್ದೇನೆ. ಅದನ್ನು ಪಂಪ್‌ಸೆಟ್ಟಿನ ಕರೆಂಟ್ ವಯರ್ ಅಂದುಕೊಂಡು ಒಮ್ಮೆಯೂ ಬೆಚ್ಚಿಲ್ಲ. ವಯರೂ ಜೀವ ತೆಗೆಯುತ್ತದಲ್ಲ!

ಇದಕ್ಕೆ ಉತ್ತರವಾಗಿ ಬಂದ ಪದ ‘ಸನ್ನದ್ಧತೆ’. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ 1970ರಲ್ಲಿ ಮುಂದಿಟ್ಟ ‘ಪ್ರಿಪೇರ್ಡ್‌ನೆಸ್’ ಇದೇ. ಕೆಲವು ಸಂಗತಿಗಳನ್ನು ಕಲಿಯಲು ಮಿದುಳು ಮೊದಲೇ ಅಣಿಯಾಗಿರುತ್ತದೆ, ಕೆಲವಕ್ಕೆ ಎಷ್ಟು ತಿದ್ದಿದರೂ ಬಗ್ಗುವುದಿಲ್ಲ ಎಂದು ಅರ್ಥ. ಭಯವೇ ಹುಟ್ಟಿನೊಂದಿಗೆ ಬರುತ್ತದೆ ಎಂದಲ್ಲ, ಇಲ್ಲೇ ಹಲವರು ಎಡವುವುದು. ನೆಲ ಹದವಾಗಿರುತ್ತದೆ ಅಷ್ಟೆ, ಬೀಜ ಹೊರಗಿನಿಂದಲೇ ಬೀಳಬೇಕು.

ಅದಕ್ಕೂ ಮೊದಲು ವರ್ತನವಾದಿಗಳ, ಅಂದರೆ ನಡವಳಿಕೆಯನ್ನೆಲ್ಲ ಕಲಿಕೆಯಿಂದಲೇ ವಿವರಿಸುತ್ತಿದ್ದವರ ಕಾಲ. 1920ರಲ್ಲಿ ಜಾನ್ ವಾಟ್ಸನ್ ಒಂದು ಕೂಸಿಗೆ ಬಿಳಿ ಇಲಿ ತೋರಿಸುತ್ತಾ ಕೂಸಿನ ಬೆನ್ನಹಿಂದೆ ಉಕ್ಕಿನ ಸರಳನ್ನು ಢಣಾರನೆ ಬಡಿದು, ಇಲಿ ಕಂಡರೆ ಅಳುವಂತೆ ಮಾಡಿದ. ಯಾವುದಕ್ಕೆ ಬೇಕಾದರೂ ಯಾವ ಭಯವನ್ನಾದರೂ ಗಂಟು ಹಾಕಬಹುದು ಎಂಬುದು ಅಂದಿನ ನಂಬಿಕೆ. (ಇಂದು ಈ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಪುಣ್ಯ.) 1966ರಲ್ಲಿ ಜಾನ್ ಗಾರ್ಸಿಯಾ ಆ ನಂಬಿಕೆಯ ಬುಡ ಅಲ್ಲಾಡಿಸಿದ. ಇಲಿಗಳು ಸಿಹಿನೀರು ಕುಡಿಯುವಾಗ ದೀಪ ಮಿನುಗಿ ಟಕ್ ಟಕ್ ಸದ್ದಾಗುತ್ತಿತ್ತು. ಆಮೇಲೆ ಹೊಟ್ಟೆ ತೊಳಸುವಂತೆ ಮಾಡಿದರೆ ಅವು ಸಿಹಿಯನ್ನು ದೂರ ಮಾಡಿದವು, ದೀಪ–ಸದ್ದನ್ನು ಲೆಕ್ಕಿಸಲೇ ಇಲ್ಲ. ಕಾಲಿಗೆ ಶಾಕ್ ಕೊಟ್ಟರೆ ತಿರುವುಮುರುವು: ದೀಪ–ಸದ್ದು ಬೇಡವಾಯಿತು, ಸಿಹಿ ಸಲೀಸಾಗಿ ಇಳಿಯಿತು. ಹೊಟ್ಟೆ ಕೆಟ್ಟರೆ ತಿಂದದ್ದನ್ನೇ ದೂರಬೇಕು ಎಂಬ ಲೆಕ್ಕ ಇಲಿಯ ತಲೆಯಲ್ಲಿ ಮೊದಲೇ ಕೂತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೂಸನ್ ಮಿನೆಕಾ ಮತ್ತು ಮೈಕೆಲ್ ಕುಕ್ 1980ರ ದಶಕದಲ್ಲಿ ರೀಸಸ್ ಮಂಗಗಳ ಮೇಲೆ ಮಾಡಿದ ಕೆಲಸ. ಲ್ಯಾಬಿನಲ್ಲೇ ಬೆಳೆದ ಮಂಗಗಳಿಗೆ ಹಾವಿನ ಹೆದರಿಕೆಯೇ ಇರಲಿಲ್ಲ. ಇನ್ನೊಂದು ಮಂಗ ಹಾವು ಕಂಡು ಕಿರುಚುವ ವಿಡಿಯೋ ತೋರಿಸಿದ್ದೇ ತಡ, ಇವೂ ಹೆದರಲು ಕಲಿತವು. ಆಮೇಲೆ ಅವರು ವಿಡಿಯೋ ಕತ್ತರಿಸಿ ಜೋಡಿಸಿ, ಅದೇ ಮಂಗ ಹೂವು ಕಂಡು ಕಿರುಚುವಂತೆ ತೋರಿಸಿದರು. ಮಂಗಗಳು ನೋಡಿದವು, ಹೂವಿಗೆ ಹೆದರಲಿಲ್ಲ. ಒಂದೇ ಕಿರುಚಾಟ, ಒಂದಕ್ಕೆ ಅಂಟಿತು, ಇನ್ನೊಂದಕ್ಕೆ ಅಂಟಲಿಲ್ಲ.

ಇದರ ಹಿಂದಿರುವುದು ವಿಕಾಸವಾದದ ಡಾರ್ವಿನ್. ಮನಶ್ಶಾಸ್ತ್ರಕ್ಕೆ ಹೊಸ ಅಡಿಪಾಯ ಬರುತ್ತದೆ ಎಂದು 1859ರಲ್ಲೇ ಬರೆದಿದ್ದವನು, ಆಮೇಲೆ ತನ್ನನ್ನೇ ಪರೀಕ್ಷಿಸಿಕೊಂಡ. ಲಂಡನ್ನಿನ ಮೃಗಾಲಯದಲ್ಲಿ ಪಫ್ ಆಡರ್ ಹಾವಿನ (ನಮ್ಮ ಕೊಳಕುಮಂಡಲದ ಆಫ್ರಿಕದ ದಾಯಾದಿ) ದಪ್ಪ ಗಾಜಿಗೆ ಮುಖ ಒಡ್ಡಿ, ಏನಾದರೂ ಸರಿ ಕದಲಬಾರದೆಂದು ನಿಂತ. ಹಾವು ಗಾಜಿಗೆ ಅಪ್ಪಳಿಸಿತು, ಆಸಾಮಿ ಒಂದೆರಡು ಗಜ ಹಿಂದಕ್ಕೆ ಹಾರಿದ್ದ. 1872ರಲ್ಲಿ ಅವನೇ ಇದನ್ನು ದಾಖಲಿಸಿದ.

ಲೆಕ್ಕ ಸರಳ. ಹಗ್ಗವನ್ನು ಹಾವೆಂದುಕೊಂಡರೆ ಎದೆ ನಾಲ್ಕು ಸಲ ಹೆಚ್ಚು ಬಡಿದುಕೊಳ್ಳುತ್ತದೆ, ಹಾವನ್ನು ಹಗ್ಗವೆಂದುಕೊಂಡವನ ಸಂತಾನ ಅಲ್ಲಿಗೇ ನಿಂತೀತು. ಮಿದುಳಿನಲ್ಲೂ ಇದರ ಗುರುತು ಸಿಕ್ಕಿದೆ. ಹಾವನ್ನೇ ಕಂಡಿರದ ಮಂಗಗಳ ಪಲ್ವಿನಾರ್ ಎಂಬ ಭಾಗದಲ್ಲಿ ಕೆಲವು ನರಕೋಶಗಳು ಮುಖ, ಕೈಗಳ ಚಿತ್ರಕ್ಕಿಂತ ಹಾವಿನ ಚಿತ್ರಕ್ಕೆ ಬೇಗ, ಜೋರಾಗಿ ಮಿಡಿದದ್ದನ್ನು 2013ರಲ್ಲಿ ಸಂಶೋಧಕರು ವರದಿ ಮಾಡಿದರು. ಹಾಗೆಂದು ನಮ್ಮ ಪ್ರತಿ ಚಾಳಿಗೂ ‘ಆದಿಮಾನವ’ನನ್ನು ಎಳೆತರುವ ವಾಟ್ಸ್ಯಾಪ್ ಪಾಂಡಿತ್ಯ ಬೇರೆ ಮಾತು. ಹೂವು–ಹಾವಿನಂಥ ಹೋಲಿಕೆಯ ಪರೀಕ್ಷೆ ಇಲ್ಲದಿದ್ದರೆ ಅದು ಬರೀ ಕಟ್ಟುಕಥೆ.

ಪರದೇಶದ ಬರಹಗಳು ಹಾವಿನ ಭಯವನ್ನು ಹಳೇ ಕಾಲದ ಪಳೆಯುಳಿಕೆ ಎನ್ನುತ್ತವೆ. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿರುವ ಭಾರತದಲ್ಲಿ ಆ ಮಾತು ನಡೆಯದು. ಆದರೂ ಸನ್ನದ್ಧತೆಗೆ ಇಲ್ಲೊಂದು ಕುರುಡುಗಣ್ಣಿದೆ. ಅದು ಕಂಡ ಹಾವಿಗೆ ಮಾತ್ರ ಜಾಗೃತವಾಗುತ್ತದೆ, ಗದ್ದೆಯ ಬದುವಿನಲ್ಲಿ ಕಾಲಿಗೆ ಕಚ್ಚುವುದು ಕಾಣದ ಹಾವು. ಕತ್ತಲಲ್ಲಿ ಬ್ಯಾಟರಿ ಹಿಡಿದು ಹೋಗು ಎಂದು ನಮ್ಮಮ್ಮ ಇವತ್ತಿಗೂ ಬೈಯುತ್ತಾಳೆ, ನಾನು ಇವತ್ತಿಗೂ ಮರೆಯುತ್ತೇನೆ.