ಶ್ರೀಗಂಧ ಬೇಡ ಎಂದ ಹುಡುಗ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಪುಟ್ಟ ಸೀಸೆ ಇದೆ. ಒಳಗಿರುವುದು ಮೀಥೈಲ್ ಸ್ಯಾಲಿಸಿಲೇಟ್. ಹೊಸದಾಗಿ ಬಂದವರಿಗೆ ನಾನು ಮೊದಲು ಮೂಸಲು ಕೊಡುವುದು ಅದನ್ನೇ. ಕಾಗದದ ಪಟ್ಟಿಯೊಂದರ ತುದಿಯನ್ನು ಅದರಲ್ಲಿ ಅದ್ದಿ ಕೈಗಿಡುತ್ತೇನೆ. ನಮ್ಮ ಕಸುಬಿನಲ್ಲಿ ಆ ಪಟ್ಟಿಗೆ ಬ್ಲಾಟರ್ ಅನ್ನುತ್ತಾರೆ. ಏನೂ ಹೇಳದೆ ಅವರ ಮುಖ ನೋಡುತ್ತಾ ಕೂರುತ್ತೇನೆ. ಹೆಚ್ಚಿನವರು ತಕ್ಷಣ "ನೋವಿನ ಮುಲಾಮು" ಅನ್ನುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಒಂದೇ. ಆಮೇಲೆ ಮುಖಗಳು ಬೇರೆಯಾಗುತ್ತವೆ. ಒಬ್ಬರಿಗೆ ಅಜ್ಜಿಯ ಮೊಣಕಾಲು ತಿಕ್ಕಿದ್ದು ನೆನಪಾಗಿ ನಗು ಬರುತ್ತದೆ. ಇನ್ನೊಬ್ಬರು ಪಟ್ಟಿಯನ್ನು ದೂರ ಇಟ್ಟುಬಿಡುತ್ತಾರೆ. ಮಾತು ಮುಂದುವರಿದಾಗ, ಮನೆಯಲ್ಲಿ ಯಾರೋ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು ಅಂತ ತಿಳಿಯುತ್ತದೆ.

1960ರ ದಶಕದಲ್ಲಿ ಬ್ರಿಟನ್‌ನಲ್ಲಿ ಜನರನ್ನು ಕೇಳಿದಾಗ ಈ ವಾಸನೆ ಇಷ್ಟವಿಲ್ಲದವುಗಳ ಸಾಲಿಗೆ ಸೇರಿತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಕೇಳಿದಾಗ ತುಂಬಾ ಇಷ್ಟದ ವಾಸನೆಗಳಲ್ಲಿ ಒಂದಾಗಿತ್ತು. ಬ್ರಿಟಿಷರಿಗೆ ಅದು ಔಷಧಿಯ ವಾಸನೆ. ಅಮೆರಿಕದವರಿಗೆ ಮಿಠಾಯಿ, ಚೂಯಿಂಗ್ ಗಮ್. ಸೀಸೆಯೊಳಗಿನ ವಸ್ತು ಮಾತ್ರ ಅದೇ.

ನಾನು ಮೊದಲು ಊದುಬತ್ತಿಗೆ ಕಾಂಪೌಂಡ್, ಅಂದರೆ ಪರಿಮಳದ ಮಿಶ್ರಣ, ಬೆರೆಸುತ್ತಿದ್ದೆ. ಈಗ ಮೈಗೆ ಹಾಕುವ ಪರ್ಫ್ಯೂಮ್‌ಗಳನ್ನೂ ಮಾಡುತ್ತೇನೆ. ಜನ ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಮನಸ್ಸು ಶಾಂತ ಆಗೋಕೆ ಯಾವುದು ಹಾಕಲಿ? ಉತ್ಸಾಹಕ್ಕೆ ಯಾವುದು?" ಇದಕ್ಕೆ ಅಂಗಡಿಗಳಲ್ಲಿ ಸಿದ್ಧ ಉತ್ತರ ಇದೆ. ಶಾಂತಿಗೆ ಲ್ಯಾವೆಂಡರ್, ಚುರುಕಿಗೆ ನಿಂಬೆ, ಪ್ರೀತಿಗೆ ಗುಲಾಬಿ. ನಾನು ಆ ಉತ್ತರ ಕೊಡುವುದಿಲ್ಲ. ಮನಸ್ಸನ್ನು ಅಲುಗಿಸುವ ಶಕ್ತಿ ಪರಿಮಳಕ್ಕೆ ಖಂಡಿತ ಇದೆ. ಆದರೆ ಯಾವ ಕಡೆಗೆ ಅಲುಗಿಸುತ್ತದೆ? ಅದು ಬಹುಪಾಲು ನೀವು ಆ ಪರಿಮಳವನ್ನು ಮೊದಲು ಎಲ್ಲಿ, ಯಾರ ಜೊತೆ ಮೂಸಿದಿರಿ ಅನ್ನುವುದರ ಮೇಲೆ ನಿಂತಿದೆ.

ಇದಕ್ಕೆ ಕಾರಣ ಮೂಗಿನಿಂದ ಮೆದುಳಿಗೆ ಹೋಗುವ ದಾರಿ. ಕಣ್ಣು, ಕಿವಿ ಕಳಿಸುವ ಸುದ್ದಿ ಮೊದಲು ಥಲಮಸ್ ಎಂಬ ಜಂಕ್ಷನ್‌ನಲ್ಲಿ ನಿಂತು ಮುಂದೆ ಹೋಗುತ್ತದೆ. ವಾಸನೆ ಹಾಗಲ್ಲ. ಮೂಗಿನ ಮೇಲ್ಭಾಗದಿಂದ ಘ್ರಾಣ ಗಡ್ಡೆಗೆ, ಅಂದರೆ ವಾಸನೆಯನ್ನು ಮೊದಲು ಬರಮಾಡಿಕೊಳ್ಳುವ ಮೆದುಳಿನ ಭಾಗಕ್ಕೆ, ಹೋಗುತ್ತದೆ. ಅಲ್ಲಿಂದ ಭಯ, ಸಂತೋಷ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳು ತೀರಾ ಹತ್ತಿರ. ಹಾಗಾಗಿಯೇ ಹೆಸರು ಹೊಳೆಯುವ ಮೊದಲೇ ಎದೆಯಲ್ಲಿ ಏನೋ ಆಗಿಬಿಡುತ್ತದೆ. ವಾಸನೆ ಹಿಡಿಯುವ ರಿಸೆಪ್ಟರ್‌ಗಳು ಮನುಷ್ಯನಲ್ಲಿ ಸುಮಾರು 400 ಬಗೆಯವು. ಇವುಗಳ ಜೀನ್‌ಗಳ ಗುಂಪನ್ನು ವಿಜ್ಞಾನಿಗಳಾದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ತೋರಿಸಿಕೊಟ್ಟರು. 2004ರಲ್ಲಿ ಅವರಿಗೆ ನೊಬೆಲ್ ಬಂತು.

ಇದನ್ನೆಲ್ಲ ಓದಿ ತಿಳಿದಿದ್ದೆ. ಮನಸ್ಸಿಗೆ ನಾಟಿದ್ದು ಒಬ್ಬ ಹುಡುಗನಿಂದ.

ಅವನಿಗೆ ಮದುವೆ ಗೊತ್ತಾಗಿತ್ತು. ಆ ದಿನಕ್ಕೆಂದೇ ಒಂದು ಪರಿಮಳ ಬೇಕು ಅಂತ ಬಂದಿದ್ದ. ನಮ್ಮ ಕಡೆ ಗಂಡಿನ ಪರಿಮಳ ಅಂದರೆ ತಳದಲ್ಲಿ ಶ್ರೀಗಂಧ ಇಡುವುದು ರೂಢಿ. ಮೈಸೂರು ಸ್ಯಾಂಡಲ್ ಸೋಪು ನೂರು ವರ್ಷದಿಂದ ನಮ್ಮ ಬಚ್ಚಲುಮನೆಗಳಲ್ಲಿದೆ. ಆ ಪರಿಮಳ ಬೇಡ ಅನ್ನುವವರು ನನಗೆ ಸಿಕ್ಕಿದ್ದು ಕಡಿಮೆ. ಇವನು ನಾನು ಕೊಟ್ಟ ಬ್ಲಾಟರನ್ನೆಲ್ಲ ಪಕ್ಕಕ್ಕೆ ಸರಿಸಿದ. ಗಂಧ ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿ ಕೊಟ್ಟೆ. ಅದನ್ನೂ ಸರಿಸಿದ. ಕೊನೆಗೆ "ಸರ್, ಇದರಲ್ಲಿ ಗಂಧ ಇದೆಯಾ?" ಅಂದ. ಇದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. "ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಹೋದರು. ಹಾಲ್‌ನಲ್ಲಿ ಮಲಗಿಸಿದ್ದರು. ತಲೆ ಹತ್ತಿರ ಗಂಧದ ಊದುಬತ್ತಿ. ಒಂದು ಮುಗಿಯುತ್ತಿದ್ದ ಹಾಗೆ ಇನ್ನೊಂದು ಹಚ್ಚುತ್ತಿದ್ದರು."

ಊದುಬತ್ತಿಯ ಕಾಂಪೌಂಡ್ ಬೆರೆಸುವಾಗ ನಾನು ಯಾವಾಗಲೂ ದೇವರ ಮನೆಯನ್ನೇ ನೆನೆದಿದ್ದೆ. ಅದು ಸಾವಿನ ಮನೆಯಲ್ಲೂ ಉರಿಯುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನಸ್ಸಿಗೆ ಬಂದಿರಲಿಲ್ಲ, ಅಷ್ಟೇ. ಅವನಿಗೆ ಇಷ್ಟದ ಜಾಗ ಯಾವುದು ಅಂತ ಕೇಳಿದೆ. ಅಜ್ಜಿ ಮನೆ, ಬೇಸಿಗೆ ರಜೆ, ಮಣ್ಣಿನ ಹೂಜಿಯ ನೀರು ಅಂದ. ಹೂಜಿಗೆ ಲಾವಂಚದ ಬೇರು ಹಾಕುತ್ತಿದ್ದರಂತೆ. ಆಮೇಲೆ ಕೆಲಸ ಸುಲಭವಾಯಿತು. ಲಾವಂಚ, ಮೇಲೆ ಒಂಚೂರು ನಿಂಬೆ.

ಹೆಸರಿನ ಪ್ರಭಾವವೂ ಸಣ್ಣದಲ್ಲ. ಮನಃಶಾಸ್ತ್ರಜ್ಞೆ ರೇಚಲ್ ಹರ್ಟ್ಸ್ ಮತ್ತು ಅವರ ಸಹೋದ್ಯೋಗಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದೇ ಮಿಶ್ರಣವನ್ನು ಒಮ್ಮೆ ಪಾರ್ಮೆಸನ್ ಚೀಸ್ ಅಂತ, ಇನ್ನೊಮ್ಮೆ ವಾಂತಿ ಅಂತ ಹೇಳಿ ಮೂಸಲು ಕೊಟ್ಟರು. ಚೀಸ್ ಅಂದಾಗ ಜನಕ್ಕೆ ಇಷ್ಟವಾಯಿತು, ವಾಂತಿ ಅಂದಾಗ ಅಸಹ್ಯವಾಯಿತು. ನಮ್ಮ ಭಾಷೆಗೂ ಇದು ಗೊತ್ತು. "ಏನೋ ವಾಸನೆ" ಅಂದರೆ ಮೂಗು ಮುಚ್ಚುತ್ತೇವೆ, "ಏನೋ ಘಮ" ಅಂದರೆ ಅಡುಗೆಮನೆ ಕಡೆ ತಿರುಗುತ್ತೇವೆ. ಹಾಗಾಗಿ ಡಬ್ಬಿಯ ಮೇಲೆ "ಶಾಂತಿ" ಅಂತ ಬರೆದಿದ್ದರೆ, ಅರ್ಧ ಶಾಂತಿ ಆ ಅಕ್ಷರಗಳಿಂದಲೇ ಬರುತ್ತದೆ ಅಂತ ನಾನು ನಂಬುತ್ತೇನೆ. ಅದು ಸುಳ್ಳು ಶಾಂತಿ ಅಲ್ಲ. ಆದರೆ ಅದಕ್ಕೆ ದುಬಾರಿ ಬೆಲೆ ಕೊಡಬೇಕಿಲ್ಲ.

ಎಲ್ಲವೂ ನೆನಪೇ ಅಂತಲೂ ಹೇಳಲಾರೆ. ಪುದೀನದ ತಂಪು, ಕರ್ಪೂರದ ಚುರುಕು ಇವೆಲ್ಲ ಬರೀ ವಾಸನೆ ಅಲ್ಲ. ಮುಖದ ಸ್ಪರ್ಶವನ್ನು ಒಯ್ಯುವ ನರವೇ ಅವನ್ನು ಹಿಡಿಯುತ್ತದೆ. ಅದಕ್ಕೇ ಯಾರಿಗಾದರೂ ತಟ್ಟನೆ ಎಚ್ಚರವಾದ ಹಾಗೆ ಆಗುತ್ತದೆ. ಹುಟ್ಟಿನಿಂದ ಬಂದ ವ್ಯತ್ಯಾಸವೂ ಇದೆ. ಕೆಲವು ಕೃತಕ ಕಸ್ತೂರಿಗಳು ಕೆಲವರಿಗೆ ಗೊತ್ತೇ ಆಗುವುದಿಲ್ಲ. ಗಂಡ "ಏನೂ ಪರಿಮಳವಿಲ್ಲ" ಅಂತ ಇನ್ನೆರಡು ಸಲ ಒತ್ತುತ್ತಾನೆ, ಹೆಂಡತಿಗೆ ಪಕ್ಕ ಕೂರಲು ಆಗುವುದಿಲ್ಲ. ಇಬ್ಬರದೂ ತಪ್ಪಿಲ್ಲ, ಮೂಗುಗಳು ಬೇರೆ.

ಮಲ್ಲಿಗೆಯದು ಇನ್ನೊಂದು ಕಥೆ. ಅಮ್ಮನ ಜಡೆಯ ಮಲ್ಲಿಗೆ ಬೇಕು ಅಂತ ಬಂದ ಒಬ್ಬರು ನಾನು ಕೊಟ್ಟಿದ್ದನ್ನು ಮೂಸಿ "ಇದು ಮಲ್ಲಿಗೆ ಅಲ್ಲ ಸರ್, ರೂಮ್ ಫ್ರೆಶ್ನರ್" ಅಂದುಬಿಟ್ಟರು. ಅವರು ಹೇಳಿದ್ದು ಸರಿ. ಮಲ್ಲಿಗೆಯಲ್ಲಿ ಬೆಂಜೈಲ್ ಅಸಿಟೇಟ್‌ನಂಥ ಸಿಹಿ ವಸ್ತುಗಳ ಜೊತೆ ಇಂಡೋಲ್ ಕೂಡ ಇದೆ. ಮಲದ ವಾಸನೆಯಲ್ಲೂ ಇರುವ ವಸ್ತು ಅದು. ಚೂರೇ ಚೂರು ಇದ್ದಾಗ ಹೂವಿಗೆ ಜೀವ ಕೊಡುತ್ತದೆ. ಜಾಸ್ತಿಯಾದರೆ ಕೊಳೆತ ನಾತ. ನಾನು ಅದನ್ನು ಬಿಟ್ಟು ಶುಚಿ ಮಲ್ಲಿಗೆ ಮಾಡಿದ್ದೆ. ಅವರಿಗೆ ಬೇಕಿದ್ದದ್ದು ರಾತ್ರಿಯಿಡೀ ಮುಡಿದು ಬಾಡಿದ ಹೂವು. ಇಂಡೋಲ್ ಸೇರಿಸಿದೆ. ಕಣ್ಣು ಮುಚ್ಚಿದರು, ಆದರೆ ತಲೆಯಾಡಿಸಿದರು. "ಹತ್ತಿರ ಬಂತು, ಇನ್ನೂ ಏನೋ ಇಲ್ಲ." ಇಲ್ಲದ್ದು ಕೊಬ್ಬರಿ ಎಣ್ಣೆ! ನಮ್ಮಲ್ಲಿ ಸಿ-18 ಅಂತ ಕರೆಯುವ ತೆಂಗಿನ ಪರಿಮಳದ ವಸ್ತು ಒಂದು ಹನಿ ಹಾಕಿದ ಮೇಲೆ ಅವರು ಮಾತೇ ಆಡಲಿಲ್ಲ. ನಾನು ಎದ್ದು ನೀರು ತರಲು ಹೋದೆ.

ಕೊಳ್ಳುವಾಗ ಏನು ಮಾಡಬೇಕು? ಅಂಗಡಿಯಲ್ಲಿ ಐದು ನಿಮಿಷದಲ್ಲಿ ನಿರ್ಧಾರ ಮಾಡಬೇಡಿ. ಮೊದಲು ಮೂಗಿಗೆ ಬರುವುದು ನಿಂಬೆ, ಕಿತ್ತಳೆಯಂಥ ಹಗುರ ವಸ್ತುಗಳು. ಕಾಲು ಗಂಟೆಯಲ್ಲಿ ಅವು ಹಾರಿಹೋಗುತ್ತವೆ. ಆಮೇಲೆ ಹೂವು, ಮಸಾಲೆ. ಸಂಜೆಯವರೆಗೆ ಉಳಿಯುವುದು ಮರ, ಮರದ ಅಂಟು, ಕಸ್ತೂರಿಯ ತಳ. ನೀವು ದಿನವಿಡೀ ಬದುಕಬೇಕಾದ್ದು ಆ ತಳದ ಜೊತೆ. ಆದ್ದರಿಂದ ಮಣಿಕಟ್ಟಿಗೆ ಹಾಕಿಸಿಕೊಂಡು ಮನೆಗೆ ಹೋಗಿ. ರಾತ್ರಿ ಊಟ ಆದ ಮೇಲೆ ಮೂಸಿ ನೋಡಿ. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ನಡುನಡುವೆ ಕಾಫಿ ಬೀಜ ಮೂಸಲು ಕೊಡುತ್ತಾರಲ್ಲ, ಅದರಿಂದ ಅಂಥ ಲಾಭವಿಲ್ಲ. ಹೊರಗೆ ಹೋಗಿ ಗಾಳಿ ತಗೊಂಡರೆ ಸಾಕು.

ಚರ್ಮ ಒಣಗಿದ್ದರೆ ಪರಿಮಳ ಬೇಗ ಹೋಗುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಸ್ವಲ್ಪ ಎಣ್ಣೆಯೋ ಕ್ರೀಮೋ ಹಚ್ಚಿ, ಅದರ ಮೇಲೆ ಹಾಕಿಕೊಳ್ಳಿ. ಮಂಗಳೂರಿನ ಸೆಕೆಯಲ್ಲಿ ಅರ್ಧ ಸಾಕು. ಅರ್ಧ ಗಂಟೆಯಲ್ಲಿ ನಿಮ್ಮ ಪರಿಮಳ ನಿಮಗೇ ಗೊತ್ತಾಗದಿದ್ದರೆ ಅದು ಹೋಗಿದೆ ಅಂತಲ್ಲ. ಮೂಗು ಅದಕ್ಕೆ ಒಗ್ಗಿದೆ. ಮತ್ತೆ ಒತ್ತುವ ಮೊದಲು ಪಕ್ಕದವರನ್ನು ಕೇಳಿ. ಮೈಗ್ರೇನ್ ಇರುವವರಿಗೆ ಎಸಿ ಕೋಣೆಯಲ್ಲಿ ಒಬ್ಬರ ಪರ್ಫ್ಯೂಮ್ ಇಡೀ ದಿನ ಕೆಡಿಸಬಲ್ಲದು. ನನ್ನ ಕಸುಬಿನವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು.

ಆ ಹುಡುಗ ಈಗಲೂ ವರ್ಷಕ್ಕೊಮ್ಮೆ ಬಂದು ಲಾವಂಚದ ಸೀಸೆ ತುಂಬಿಸಿಕೊಂಡು ಹೋಗುತ್ತಾನೆ. ಕಳೆದ ಸಲ ಹೆಂಡತಿಯನ್ನೂ ಕರೆತಂದಿದ್ದ. ಅವರಿಗೆ ಶ್ರೀಗಂಧ ತುಂಬಾ ಇಷ್ಟವಂತೆ. ಅವನು ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಮೆಲ್ಲಗೆ ಕೇಳಿದರು, "ಸರ್, ಇವರಿಗೆ ಗೊತ್ತಾಗದಷ್ಟು ಹಾಕಿ ಕೊಡೋಕಾಗುತ್ತಾ?" ಆಗಲ್ಲ ಅಮ್ಮಾ, ಅವನ ಮೂಗು ಅದನ್ನು ಹುಡುಕಿಬಿಡುತ್ತದೆ ಅಂದೆ. ಸರಿ ಅಂತ ಸಂಪಿಗೆಯ ಬ್ಲಾಟರ್ ಕೈಗೆ ತಗೊಂಡರು.